ಹೊನ್ನಕ್ಕ ಕಟ್ಟಿದ ವಸ್ತ್ರ

ಹೊನ್ನಕ್ಕನ ತಲೆಯನ್ನು ನಾನು ಬರಿದಾಗಿ ನೋಡಿದ್ದು ಬಹಳ ಕಡಿಮೆ. ಬಿಸಿಲಿರಲಿ, ಗಾಳಿಯಿರಲಿ, ಅಂಗಳ ದಾಟಿದಳೆಂದರೆ ಅವಳ ತಲೆಯ ಮೇಲೆ ಬಿಳಿ-ಕೆಂಪು ಚೌಕುಳಿಯ ಹತ್ತಿಯ ವಸ್ತ್ರ ಕೂತಿರುತ್ತಿತ್ತು. ಕೂತಿರುತ್ತಿತ್ತು ಎಂದೇ ಹೇಳಬೇಕು. ನಮ್ಮದೆಲ್ಲ ತಲೆಯ ಮೇಲೆ ಬಿದ್ದಿರುತ್ತಿತ್ತು. ಬಗ್ಗಿದರೆ ಕಣ್ಣಿಗೆ ಬರುತ್ತಿತ್ತು, ಗಾಳಿ ಬೀಸಿದರೆ ಹೆಗಲಿಗೆ ಇಳಿಯುತ್ತಿತ್ತು. ಅವಳದು ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ. ಅಂಗಡಿಯವರು ಇದನ್ನು ಸ್ಕಾರ್ಫ್ ಎನ್ನುತ್ತಾರೆ, ಸ್ಟೋಲ್ ಎನ್ನುತ್ತಾರೆ. ನಮ್ಮಲ್ಲಿ ವಸ್ತ್ರ ಎಂದರೆ ಮುಗಿಯಿತು. ಆ ವಸ್ತ್ರ ಅವಳಿಗೆ ಎಷ್ಟು ಒಪ್ಪುತ್ತಿತ್ತೆಂದರೆ, ನೋಡಿದಾಗೆಲ್ಲ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಡುತ್ತೇನೆ. ಆದರೆ ಹೊಟ್ಟೆಕಿಚ್ಚನ್ನು ಪಕ್ಕಕ್ಕಿಟ್ಟು ಆಡುವುದು ನನ್ನಿಂದ ಆಗದು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ, ಅಗಸೂರಿನ ಹೆಣ್ಣು. ತೋಡೂರಿನಲ್ಲಿ ಅಣ್ಣತಮ್ಮಂದಿರ ಮನೆ ಅಕ್ಕಪಕ್ಕ, ನಡುವೆ ದಾಸವಾಳದ ಬೇಲಿ. ಗದ್ದೆಗಳು ನೌಕಾನೆಲೆಯ ಯೋಜನೆಗೆ ಹೋದ ಮೇಲೆ ನಾವು ಓರಗಿತ್ತಿಯರಿಬ್ಬರೂ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕೂಲಿಗೆ ಸೇರಿದೆವು. ಹೆದ್ದಾರಿಯ ನಡುವೆ ಗಿಡ ನೆಡುವುದು, ನೀರು ಹಾಕುವುದು, ಹುಲ್ಲು ಸವರುವುದು. ನೆಟ್ಟ ಗಿಡಗಳು ಮೊಣಕಾಲಿನಷ್ಟು ಎತ್ತರ, ನೆರಳೆಂದರೆ ನಮ್ಮದೇ ನೆರಳು. ಹೊನ್ನಕ್ಕನಿಗೆ ಮಕ್ಕಳಾಗಲಿಲ್ಲ. ನನಗೆ ಒಬ್ಬಳೇ ಮಗಳು, ಸಂಧ್ಯಾ. ಅವಳಿಗೆ ನಾನು ಆಯಿ, ಹೊನ್ನಕ್ಕ ದೊಡ್ಡಾಯಿ. ಬೇಲಿಯಲ್ಲಿ ಒಂದು ಕಿಂಡಿ ಇದೆ. ಅದನ್ನು ಯಾರೂ ಕಡಿದು ಮಾಡಿದ್ದಲ್ಲ, ನನ್ನ ಮಗಳು ಆ ಮನೆಗೆ ಓಡಿ ಓಡಿ ಆದದ್ದು.

ಶಾಲೆಗೆ ಅವಳು ಹೆದ್ದಾರಿ ಬದಿಯಲ್ಲಿ ನಡೆದು ಹೋಗಬೇಕಿತ್ತು. ಬಿಸಿಲು ತಾಗಬಾರದೆಂದು ಬೆಳಿಗ್ಗೆ ನಾನು ತಲೆಗೆ ವಸ್ತ್ರ ಕಟ್ಟಿ ಕಳಿಸುತ್ತಿದ್ದೆ. ಅಂಗಳ ದಾಟುವುದರೊಳಗೆ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕಿಂಡಿಯಲ್ಲಿ ನುಸುಳುತ್ತಿದ್ದಳು.

"ಆಯಿ ಕಟ್ಟಿದ್ದು ಕಿವಿ ಹಿಂದೆ ಒತ್ತುತದೆ. ನೀನು ಕಟ್ಟು ದೊಡ್ಡಾಯಿ."

ಹೊನ್ನಕ್ಕ ಒಂದು ಸಲ ನನ್ನತ್ತ ನೋಡುವಳು. ಆಮೇಲೆ ನನಗೆ ಬೆನ್ನು ಹಾಕಿ ನಿಂತು, ಹುಡುಗಿಯನ್ನು ತನ್ನ ಎದುರಿಗೆ ನಿಲ್ಲಿಸಿಕೊಂಡು ಕಟ್ಟುವಳು. ನನಗೆ ಕಾಣಿಸುತ್ತಿದ್ದುದು ಅವಳ ಎರಡು ಮೊಣಕೈ ಅಲ್ಲಾಡುವುದು ಮಾತ್ರ. ಕಟ್ಟಿಸಿಕೊಂಡ ಮಗಳು ತಿರುಗಿ ನೋಡದೆ ಶಾಲೆಗೆ ಓಡುತ್ತಿದ್ದಳು. ಹೆತ್ತವಳು ನಾನು, ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದವಳು ನಾನು, ಆ ಜಡೆಯ ಮೇಲಿನ ವಸ್ತ್ರ ಮಾತ್ರ ಅವಳದು. ಇದನ್ನು ದಿನವೂ ಬಾಗಿಲಲ್ಲಿ ನಿಂತು ನೋಡಬೇಕಿತ್ತು.

ವಸ್ತ್ರ ಆರಿಸುವುದರಲ್ಲೂ ಅವಳ ಸೊಕ್ಕು ಸಣ್ಣದಲ್ಲ. ಒಂದು ಆದಿತ್ಯವಾರ ಕಾರವಾರದ ಸಂತೆ ಮುಗಿಸಿ ಇಬ್ಬರೂ ಬಟ್ಟೆ ಅಂಗಡಿಗೆ ಹೋದೆವು. ಅಂಗಡಿಯವನು ರಾಶಿ ಹಾಕಿದ. ಹೊನ್ನಕ್ಕ ಒಂದೊಂದನ್ನೇ ಎತ್ತಿ ಮೂಗು-ಬಾಯಿಗೆ ಮುಚ್ಚಿಕೊಂಡು ಉಸಿರಾಡಿದಳು. ಉಸಿರು ಸಲೀಸಾಗಿ ಆಡದಿದ್ದರೆ ಅದು ಬದಿಗೆ. ಉಳಿದವುಗಳ ಮೂಲೆಗೆ ನಾಲಿಗೆಯಲ್ಲಿ ನೆನೆಸಿದ ಬೆರಳೊತ್ತಿದಳು. ಒದ್ದೆ ಕೂಡಲೆ ಹರಡಬೇಕು, ಮೇಲೇ ನಿಂತರೆ ಅದೂ ಬದಿಗೆ. ಆಮೇಲೆ ಅಂಚಿನಿಂದ ಒಂದು ಎಳೆ ಕಿತ್ತು, ಬೆಂಕಿಪೊಟ್ಟಣ ಕೇಳಿದಳು.

"ಅಕ್ಕಾ, ಅದು ಪ್ಯೂರ್ ಕಾಟನ್ನೇ. ಸುಡೂದೆಲ್ಲ ಎಂತಕೆ?" ಎಂದ ಅಂಗಡಿಯವನು.

"ಹೌದಾದ್ರೆ ನೀ ಎಂತಕೆ ಹೆದರ್ತೆ?" ಎಂದಳು ಹೊನ್ನಕ್ಕ.

ಅಂಗಡಿಯ ಮೆಟ್ಟಿಲಿಗೆ ಹೋಗಿ ಎಳೆಗೆ ಬೆಂಕಿ ತಾಗಿಸಿದಳು. ಅದು ಕಾಗದದ ಹಾಗೆ ಉರಿದು ಬೂದಿಯಾಯಿತು. "ಇದು ಹತ್ತಿ. ಪ್ಲಾಸ್ಟಿಕ್ಕಾದ್ರೆ ಉಂಡೆ ಕಟ್ತದೆ" ಎಂದು ಬೆರಳಲ್ಲಿ ಬೂದಿ ಉಜ್ಜಿ ತೋರಿಸಿದಳು. ಬಣ್ಣದ ವಿಷಯದಲ್ಲೂ ಅಷ್ಟೇ. ಕಪ್ಪು, ನೀಲಿಗಳನ್ನು ಮುಟ್ಟಲೇ ಇಲ್ಲ. ಅವು ಬಿಸಿಲನ್ನು ಕರೆದು ಕೂರಿಸಿಕೊಳ್ಳುತ್ತವಂತೆ. ಅಗಲ ಎಷ್ಟೆಂದರೆ ಎರಡೂ ಹೆಗಲು ಮುಚ್ಚಬೇಕು, ಉದ್ದ ಎಷ್ಟೆಂದರೆ ತಲೆ ಸುತ್ತಿ ಮೂಗು ಮುಚ್ಚಿ ಮತ್ತೆ ಸೊಂಟಕ್ಕೂ ಬರಬೇಕು. ಅಂಗಡಿಗೆ ಬಂದಿದ್ದ ಬೇರೆ ಹೆಂಗಸರು ತಮ್ಮ ಕೈಯಲ್ಲಿದ್ದುದನ್ನು ಬಿಟ್ಟು ಅವಳ ಸುತ್ತ ನಿಂತರು. ಒಬ್ಬಳಂತೂ "ನಂಗೂ ಒಂದು ನೋಡ್ಕೊಡೇ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಬೇಕೆಂದೇ ನವಿಲು ನೀಲಿಯದೊಂದು, ಚಿನ್ನದ ಬಣ್ಣದ ಅಂಚಿನದು, ಎತ್ತಿಕೊಂಡೆ. ಅಂಗಡಿಯವನು ಅದನ್ನೂ ಕಾಟನ್ನೇ ಎಂದ. ಹೊನ್ನಕ್ಕ ಎರಡು ಬೆರಳಲ್ಲಿ ಮುಟ್ಟಿ ನೋಡಿ, "ಮದುವೆಗೆ ಆಗ್ತದೆ" ಎಂದಳು, ಅಷ್ಟೇ. ಆ ಮಾತಿಗಾಗಿಯೇ ಅದನ್ನು ಕೊಂಡೆ.

ಮನೆಗೆ ತಂದ ತನ್ನ ಹೊಸ ವಸ್ತ್ರವನ್ನು ಅವಳು ಕೂಡಲೆ ಕಟ್ಟಿಕೊಳ್ಳಲಿಲ್ಲ. ಉಪ್ಪು ನೀರಿನಲ್ಲಿ ಮುಳುಗಿಸಿಟ್ಟಳು, ಬಾವಿಕಟ್ಟೆಯ ಕಲ್ಲಿಗೆ ಒಗೆದಳು, ಒಣಗಿಸಿದಳು, ಮತ್ತೆ ಒಗೆದಳು. "ಹೊಸ ವಸ್ತ್ರ ಅಂದ್ರೆ ಹೊಸ ಸೊಸೆ ಇದ್ದಂಗೆ. ನಾಕು ನೀರು ಕಾಣೂ ತನಕ ಬಿಗ್ತ್ಕಂಡೇ ಇರ್ತದೆ" ಎಂದು ಹೇಳುವಾಗ ಅವಳ ಕಣ್ಣು ನನ್ನ ಮೇಲಿತ್ತು. ನಾನು ಈ ಮನೆಗೆ ಬಂದು ಅಷ್ಟು ವರ್ಷವಾಗಿತ್ತು, ಅವಳ ಲೆಕ್ಕದಲ್ಲಿ ನನಗಿನ್ನೂ ನಾಲ್ಕು ನೀರು ಆಗಿರಲಿಲ್ಲ.

ನೀಲಿ ವಸ್ತ್ರದ ಕತೆ ಒಂದು ವಾರವೂ ನಡೆಯಲಿಲ್ಲ. ಹೆದ್ದಾರಿಗೆ ಕಣಗಿಲೆ ಸಸಿಗಳು ಬಂದಿದ್ದವು. ಬುಟ್ಟಿಯಲ್ಲಿ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟು ಹೊರಬೇಕು. ವಸ್ತ್ರವನ್ನೇ ಸುರುಳಿ ಸುತ್ತಿ ಸಿಂಬಿ ಮಾಡಿಕೊಳ್ಳುವುದು ನಮ್ಮ ರೂಢಿ. ನನ್ನ ನೀಲಿಯನ್ನು ಎಷ್ಟು ಸುತ್ತಿದರೂ ಅದು ಕೈ ಬಿಟ್ಟ ಕೂಡಲೆ ಬಿಚ್ಚಿಕೊಳ್ಳುತ್ತಿತ್ತು. ಹೇಗೋ ಇಟ್ಟುಕೊಂಡು ಹೊರಟೆ. ನಡುರಸ್ತೆಯಲ್ಲಿ ಸಿಂಬಿ ಜಾರಿತು, ಬುಟ್ಟಿ ಮಗುಚಿತು, ಸಸಿಗಳು ಚೆಲ್ಲಾಪಿಲ್ಲಿ. ಹಿಂದಿನಿಂದ ಬಂದ ಲಾರಿ ಹಾರ್ನು ಒತ್ತುತ್ತಾ ನಿಂತಿತು. ಮೇಸ್ತ್ರಿ ಬಾಯಿಗೆ ಬಂದದ್ದನ್ನೆಲ್ಲ ಅಂದ. ಹೊನ್ನಕ್ಕ ಬಂದು ಸಸಿ ಹೆಕ್ಕಿದಳು. ತನ್ನ ತಲೆಯ ವಸ್ತ್ರ ಎಳೆದು, ಅಲ್ಲೇ ಸಿಂಬಿ ಸುತ್ತಿ ನನ್ನ ತಲೆಗಿಟ್ಟು, ಬುಟ್ಟಿ ಎತ್ತಿಕೊಟ್ಟಳು. ಆ ದಿನ ಪೂರ್ತಿ ಬರಿತಲೆಯಲ್ಲಿ ದುಡಿದಳು.

ಒಳ್ಳೆಯ ಹೆಂಗಸಾದರೆ ಇಂಥ ಹೊತ್ತಿನಲ್ಲಿ ಕರಗುತ್ತಾಳೆ. ನಾನು ಕರಗಲಿಲ್ಲ. ಒಳ್ಳೆಯತನದಲ್ಲೂ ಇವಳೇ ಮುಂದಿರಬೇಕೆ ಎಂದು ಇನ್ನಷ್ಟು ಬೆಂದೆ. ಸಂಜೆ ಮನೆಗೆ ಬಂದರೆ ಮಗಳು ದೊಡ್ಡಾಯಿಯ ಕೆಂಡದಂತಾದ ಮುಖ ನೋಡಿ, ಮಜ್ಜಿಗೆಯ ಚೊಂಬು ಹಿಡಿದು ಕಿಂಡಿ ದಾಟಿದಳು. ಆ ಮಜ್ಜಿಗೆ ನಾನು ಕಡೆದದ್ದು.

ಬಸ್ಸಿನ ವಿಷಯವನ್ನೂ ಹೇಳಿಬಿಡುತ್ತೇನೆ. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಕಾರವಾರದ ಸ್ಟ್ಯಾಂಡಿನಲ್ಲಿ ಅಂಕೋಲೆ ಬಸ್ಸಿಗೆ ಸೀಟು ಸಿಗುವುದೆಂದರೆ ಪುಣ್ಯ ಬೇಕು. ಬಸ್ಸು ನಿಲ್ಲುವ ಮೊದಲೇ ಎಲ್ಲರೂ ಕಿಟಕಿಯಿಂದ ಏನಾದರೊಂದು ಎಸೆದು ಸೀಟು ಹಿಡಿಯುತ್ತಾರೆ. ಹೊನ್ನಕ್ಕ ತನ್ನ ವಸ್ತ್ರ ಎಸೆದರೆ ಅದು ಸೀಟಿನ ಮೇಲೆ ಹಾಸಿದಂತೆ ಬೀಳುತ್ತಿತ್ತು. "ಅದು ಹೊನ್ನಕ್ಕಂದು, ಕೂರ್ಬೇಡಿ" ಎಂದು ಒಳಗಿದ್ದವರೇ ಕಾಯುತ್ತಿದ್ದರು. ನಾನು ಎಸೆದದ್ದು ಸೀಟಿನಡಿಗೆ ಜಾರಿ, ಯಾರದೋ ಚಪ್ಪಲಿಯ ಕೆಳಗೆ ಸಿಗುತ್ತಿತ್ತು. ಅವಳು ಹಿಡಿದ ಸೀಟಿನಲ್ಲಿ ನನ್ನನ್ನು ಕಿಟಕಿಯ ಬದಿಗೆ ಕೂರಿಸುತ್ತಿದ್ದಳು. ನಾನು ಕೂರುತ್ತಿದ್ದೆ, ಉರಿದುಕೊಂಡು ಕೂರುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಬೇರೆಯೇ. ಅವಳು ಆ ಕಟ್ಟು ಕಟ್ಟುವುದನ್ನು ಕೇಳಿದವರಿಗೆಲ್ಲ ಕಲಿಸುತ್ತಿದ್ದಳು. ನಮ್ಮ ಕೂಲಿಯ ಹೆಂಗಸರೆಲ್ಲ ಕಲಿತರು. ಬಸ್ ಸ್ಟಾಪಿನಲ್ಲಿ ನಿಂತ ಕಾಲೇಜು ಹುಡುಗಿಯರಿಗೂ ಹೇಳಿಕೊಟ್ಟಳು. ನನಗೆ ಮಾತ್ರ ಇಲ್ಲ. ಯಾರಾದರೂ "ಗೀತಕ್ಕನಿಗೂ ತೋರ್ಸೇ" ಎಂದರೆ, "ಗೀತಾಗೆ ಬತ್ತದೆ ಬಿಡು" ಎಂದು ಮಾತು ತಿರುಗಿಸುತ್ತಿದ್ದಳು. ಬರುವುದಿಲ್ಲವೆಂದು ಅವಳಿಗೆ ಗೊತ್ತು, ಗೊತ್ತಿದೆಯೆಂದು ನನಗೆ ಗೊತ್ತು. ಉಳಿದವರ ಹತ್ತಿರ ಕಲಿಯಬಹುದಿತ್ತಲ್ಲ ಎನ್ನಬಹುದು. ಓರಗಿತ್ತಿಯ ವಿದ್ಯೆಯನ್ನು ಊರವರ ಕೈಯಿಂದ ಕಲಿಯುವಷ್ಟು ನಾನು ಗತಿಗೆಟ್ಟಿರಲಿಲ್ಲ. ಕದ್ದು ನೋಡಿ ಮನೆಯಲ್ಲಿ ಪ್ರಯತ್ನ ಮಾಡಿದ್ದುಂಟು. ಗಂಟು ಎಲ್ಲಿ ಹಾಕುತ್ತಾಳೆಂದೇ ತಿಳಿಯಲಿಲ್ಲ. ನನ್ನನ್ನು ಕಲಿಯಲು ಯೋಗ್ಯಳಲ್ಲವೆಂದು ಎಣಿಸಿದ್ದಾಳೆ ಎಂದುಕೊಂಡೆ. ಆ ಮುಳ್ಳು ವರ್ಷಗಟ್ಟಲೆ ಒಳಗೇ ಇತ್ತು.

ಸಂಧ್ಯಾ ಕಾಲೇಜು ಮುಗಿಸುವ ಹೊತ್ತಿಗೆ ಹೊನ್ನಕ್ಕನಿಗೆ ಹೊಟ್ಟೆಯ ಕಾಯಿಲೆ ಹಿಡಿಯಿತು. ಔಷಧಿಗೆ ಕೂದಲು ಉದುರಿತು. ಕೂಲಿ ನಿಂತಿತು. ಒಂದು ಮಧ್ಯಾಹ್ನ ಗಂಜಿ ತೆಗೆದುಕೊಂಡು ಕಿಂಡಿ ದಾಟಿದೆ. ಭಾವ ಅಗಸೂರಿಗೆ ಹೋಗಿದ್ದರು. ಚಾವಡಿಯ ಮಂಚದ ಮೇಲೆ ಬರಿತಲೆಯಲ್ಲಿ ಮಲಗಿದ್ದಳು. ಆ ತಲೆ ಎಷ್ಟು ಚಿಕ್ಕದೆಂದು ನನಗೆ ಆವತ್ತೇ ಗೊತ್ತಾಗಿದ್ದು.

"ಗಂಜಿ ಆಮೇಲೆ. ಬಳ್ಳಿ ಮೇಲಿನ ವಸ್ತ್ರ ತಾ. ನಂಗೆ ಕಟ್ಟು" ಎಂದಳು.

ಬಟ್ಟೆ ಒಣಗಿಸುವ ಹಗ್ಗದಿಂದ ವಸ್ತ್ರ ತಂದೆ. ಎರಡೂ ತುದಿ ಸರಿಗೂಡಿಸಿ ಅವಳ ಹಣೆಯ ಮೇಲಿಟ್ಟೆ.

"ಸಮ ಮಾಡ್ಬೇಡ. ಎಡಕ್ಕೆ ಒಂದು ಮೊಳ ಹೆಚ್ಗೆ ಬಿಡು. ಹಾಂ. ಗಿಡ್ಡ ತುದಿ ಕಿವಿ ಮೇಲೆ ಹಿಡ್ಕ. ಉದ್ದದ್ದು ಹಿಂದಿಂದ ತಂದು ಅದರ ಮೇಲೆ ಒಂದು ಸುತ್ತು. ಈಗ ಒಳಗೆ ಸಿಗ್ಸು."

"ಗಂಟು?"

"ಗಂಟಿಲ್ಲ."

"ಇಷ್ಟೇಯಾ?"

"ಇಷ್ಟೇ. ಗಂಟು ಹಾಕಿದ್ರೆ ಸಡ್ಲ ಆಗ್ತದೆ, ಇಲ್ಲ ಒತ್ತುತದೆ. ಇದು ತಲೆ ಆಡ್ಸಿದಷ್ಟು ಬಿಗೀತದೆ."

ಕೈ ತೆಗೆದೆ. ವಸ್ತ್ರ ಕೂತಿತ್ತು, ಅವಳ ತಲೆಯ ಮೇಲೆ ಯಾವಾಗಲೂ ಕೂರುತ್ತಿದ್ದ ಹಾಗೆಯೇ. ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

"ಊರಿಗೆಲ್ಲ ಕಲ್ಸಿದೆ. ನಂಗೆ ಎಂತಕೆ ಕಲ್ಸಲಿಲ್ಲ ಅಕ್ಕಾ?"

ಅವಳು ಬೇಲಿಯ ಕಡೆ ನೋಡಿದಳು. "ನಿಂಗೆ ಕಲ್ಸಿದ್ರೆ ಹುಡುಗಿ ಬೇಲಿ ದಾಟ್ತಿತ್ತಾ?"

ಇಷ್ಟು ವರ್ಷ ಬೇಲಿಯ ಈಚೆ ನಾನೊಬ್ಬಳೇ ಬೇಯುತ್ತಿದ್ದೇನೆ ಎಂದುಕೊಂಡಿದ್ದೆ.

"ನಿಂಗೆ ನನ್ನ ಮೇಲೆ ಹೊಟ್ಟೆಕಿಚ್ಚಾ?" ಎಂದೆ.

"ಮತೆ? ಬೆಳಿಗ್ಗೆ ನನ್ನ ಹತ್ರ ಬಂದ್ರೆ ಎಂತಾಯ್ತು, ರಾತ್ರೆ ಹುಡುಗಿ ನಿನ್ನ ಮಗ್ಗುಲಲ್ಲೇ ಅಲಾ ಮಲಗೂದು" ಎಂದಳು ಹೊನ್ನಕ್ಕ.

ಅಷ್ಟರಲ್ಲಿ ಸಂಧ್ಯಾ ಕಿಂಡಿಯಿಂದ ಬಂದಳು. ದೊಡ್ಡಾಯಿಯ ತಲೆ ನೋಡಿ ಅವಳ ಮುಖ ಅರಳಿತು. ಬಹಳ ದಿನದ ಮೇಲೆ ಹೊನ್ನಕ್ಕ ಮತ್ತೆ ಹೊನ್ನಕ್ಕನಂತೆ ಕಾಣುತ್ತಿದ್ದಳು. "ಯಾರು ಕಟ್ಟಿದ್ದು ದೊಡ್ಡಾಯಿ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಹೊನ್ನಕ್ಕ, "ಮತ್ಯಾರು? ನಾನೇ" ಎಂದಳು. ಹೇಳಿ ನನ್ನತ್ತ ನೋಡಲಿಲ್ಲ. ಬಟ್ಟಲು ಕೊಟ್ಟು ಮನೆಗೆ ಬಂದೆ. ಮಳೆಗಾಲ ಹಿಡಿಯುವ ಮೊದಲು ಅವಳು ಹೋದಳು. ಅವಳೊಂದಿಗೆ ನಾನು ಆಡಿದ ಮಾತು ಎಂದು ನೆನಪಿರುವುದು ಆವತ್ತಿನದೇ. ಆಮೇಲೆ ಆಡಿದ್ದೆಲ್ಲ ಔಷಧಿ, ನೀರು, ಮಗ್ಗುಲು ತಿರುಗಿಸುವುದು.

ಈಗ ಸಂಧ್ಯಾ ಗೋವೆಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಗೆಳತಿಯ ಸ್ಕೂಟರಿನ ಹಿಂದೆ ಕೂತು ಮಾಜಾಳಿಗೆ ಹೋಗಿ, ಅಲ್ಲಿಂದ ಕಂಪನಿ ಬಸ್ಸು ಹಿಡಿಯುತ್ತಾಳೆ. ಹೆದ್ದಾರಿಯ ಧೂಳಿಗೆ ಮೂಗು ಮುಚ್ಚಬೇಕು, ಮೇಲೆ ಹೆಲ್ಮೆಟ್ಟೂ ಕೂರಬೇಕು. ಗಂಟಿದ್ದರೆ ಹೆಲ್ಮೆಟ್ಟಿನೊಳಗೆ ತಲೆ ಸಿಡಿಯುತ್ತದಂತೆ. ಕೆಲಸದ ಮೊದಲ ದಿನಕ್ಕೆಂದು ವಾರ ಮೊದಲೇ ಅವಳಿಗೆ ಹೊಸ ವಸ್ತ್ರ ತಂದೆ. ಅಂಗಡಿಯಲ್ಲಿ ಮೂಗಿಗೆ ಮುಚ್ಚಿ ಉಸಿರಾಡಿ ನೋಡಿದೆ. ಉಪ್ಪು ನೀರು ಕಾಣಿಸಿದೆ, ಕಲ್ಲಿಗೆ ಒಗೆದೆ. ಆ ಬೆಳಿಗ್ಗೆ ಕಟ್ಟುತ್ತೇನೆ ಬಾ ಎಂದಾಗ ಅವಳು ಕಿವಿಯ ಹಿಂದೆ ಕೈ ಇಟ್ಟುಕೊಂಡು ಅನುಮಾನದಿಂದಲೇ ಬಂದಳು. ಕಟ್ಟಿದೆ. ಅವಳು ತಲೆ ಆ ಕಡೆ ಈ ಕಡೆ ಆಡಿಸಿ ನೋಡಿದಳು. ಕಣ್ಣು ತುಂಬಿತ್ತು.

"ಥೇಟ್ ದೊಡ್ಡಾಯಿದ್ದೇ" ಎಂದಳು.

ಇಷ್ಟು ವರ್ಷ ಕಾದ ಹೊಗಳಿಕೆ ಬಂತು, ಅದೂ ಅವಳ ಹೆಸರಿನಲ್ಲೇ. ಸತ್ತ ಮೇಲೂ ಬಿಡುವುದಿಲ್ಲವಲ್ಲ ಇವಳು ಎಂದು ಒಳಗೆ ಮತ್ತೆ ಚುರುಗುಟ್ಟಿತು. ಆ ಉರಿ ಇಲ್ಲದಿದ್ದರೆ ಅವಳು ನಿಜವಾಗಿಯೂ ಹೋದಳು ಎಂದಾಗುತ್ತಿತ್ತೇನೋ.

ಅಂದಿನಿಂದ ದಿನವೂ ಬೆಳಿಗ್ಗೆ ಮಗಳು ವಸ್ತ್ರ ಹಿಡಿದು ನನ್ನ ಮುಂದೆ ಬಂದು ನಿಲ್ಲುತ್ತಾಳೆ. ಬೇಲಿಯ ಕಿಂಡಿಯಲ್ಲಿ ದಾಸವಾಳ ಚಿಗುರಿ ಅರ್ಧ ಮುಚ್ಚಿದೆ. ಮೊನ್ನೆ ಕೋಣೆಯ ಕನ್ನಡಿಯ ಎದುರಿಗೆ ನಿಂತು, "ಆಯಿ, ನಂಗೂ ಕಲ್ಸು. ದಿನಾ ನಿಂಗೆ ಎಂತಕೆ ತ್ರಾಸು?" ಎಂದಳು.

"ಈಗ ಬಸ್ಸು ತಪ್ತದೆ. ನಾಳೆ ಕಲಿಸ್ತೆ" ಎಂದೆ. ಭುಜ ಹಿಡಿದು ಅವಳನ್ನು ಕನ್ನಡಿಯಿಂದ ನನ್ನ ಕಡೆಗೆ ತಿರುಗಿಸಿಕೊಂಡು, ಕಟ್ಟತೊಡಗಿದೆ.