ಮೈದಾ ನುಂಗಿದ ಪಿಕಪ್ಪೂ ತಂಪಕ್ಕನ ಕಿವಿಯೂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಹಳೆಯ ನೀಲಿ ಪಿಕಪ್ ಒಂದು ಬಾನೆಟ್ ಎತ್ತಿಕೊಂಡು ನಿಂತಿದೆ, ಎಂಜಿನ್ ಓಡುತ್ತಿದೆ. ಅದರ ಮುಂದೆ ಮೋಟು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕಣ್ಣು ಮುಚ್ಚಿ ಕುಳಿತಿದ್ದಾರೆ. ಪಾಪ, ರಾತ್ರಿ ನಿದ್ದೆ ಸಾಲದೆ ತೂಕಡಿಸುತ್ತಿದ್ದಾರೆ ಅಂದುಕೊಂಡು, ಅವರ ಕೆಲಸ ನೋಡಿ ಬರೆಯಲು ಬಂದ ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ. ಕಣ್ಣು ತೆರೆಯದೆಯೇ ಅವರು ಒಂದು ಬೆರಳೆತ್ತಿ ನನ್ನ ಬಾಯಿ ಮುಚ್ಚಿಸುತ್ತಾರೆ.

ಎಂಜಿನ್ ಬದಿಯಿಂದ 'ಟಕ್' ಎಂಬ ಸಣ್ಣ ಸದ್ದು ಬರುತ್ತದೆ. ಅದರ ಹಿಂದೆಯೇ ಮತ್ತೊಂದು 'ಟಕ್'.

"ಬಂತು, ಹೋಯ್ತು," ಎನ್ನುತ್ತಾರೆ ಅವರು. "ಬಂದಷ್ಟೇ ಬೇಗ ಹೋಯ್ತು. ಇದಕ್ಕೆ ಕೂತಲ್ಲಿ ಕೂರೋಕಾಗ್ತಿಲ್ಲ."

ಈ ಬೀದಿಯ ಚಾಲಕರೆಲ್ಲ ಇವರನ್ನು ತಂಪಕ್ಕ ಎಂದೇ ಕರೆಯುತ್ತಾರೆ. ವಾಹನಗಳ ಏಸಿ ರಿಪೇರಿ ಇವರ ಕಸುಬು. ನಸುಕಿನಲ್ಲಿ ಬೀದಿ ಸದ್ದಿಲ್ಲದಾಗ ಕಿವಿಗೆ ಕೆಲಸ, ಬಿಸಿಲು ಏರಿದ ಮೇಲೆ ಕೈಗೆ ಕೆಲಸ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಗಾಡಿ ಬರುತ್ತವೆ, ಚಳಿಯಲ್ಲಿ ವಾರಕ್ಕೆ ಒಂದು ಬಂದರೆ ಹೆಚ್ಚು. ಊರಿಗೆಲ್ಲ ತಂಪು ಹಂಚುವ ಈ ಶೆಡ್ಡಿನಲ್ಲಿ ಮಾತ್ರ ಒಂದು ಫ್ಯಾನು, ಅದೂ ಗಿರಾಕಿ ಬಂದಾಗ ಅವರ ಕಡೆಗೆ ತಿರುಗುತ್ತದೆ.

ಈಗ ಕೇಳಿದ ಸದ್ದಿನ ಕಥೆಯನ್ನು ಅವರು ನನ್ನಂಥ ದಡ್ಡನಿಗೂ ಅರ್ಥವಾಗುವಂತೆ ಹೇಳುತ್ತಾರೆ. ಏಸಿಯ ಗ್ಯಾಸನ್ನು ಒತ್ತಿ ಸುತ್ತಿಸುವುದು ಕಂಪ್ರೆಸರ್. ಕೆಲಸ ಬೇಕಾದಾಗ ಅದು 'ಟಕ್' ಎಂದು ಎಂಜಿನ್ನಿಗೆ ಅಂಟಿಕೊಳ್ಳುತ್ತದೆ, ತಂಪು ಸಾಕಾದಾಗ ಬಿಟ್ಟುಕೊಳ್ಳುತ್ತದೆ. ಆರೋಗ್ಯವಾಗಿರುವ ಏಸಿ ಅಂಟಿಕೊಂಡರೆ ಸ್ವಲ್ಪ ಹೊತ್ತು ನೆಮ್ಮದಿಯಾಗಿ ದುಡಿಯುತ್ತದೆ. ಈ ಪಿಕಪ್ಪಿನದು ಹೊಸ್ತಿಲಲ್ಲಿ ನಿಂತು ಒಳಗೆ ಬರಲೋ ಹೊರಗೆ ಹೋಗಲೋ ಎಂದು ಒದ್ದಾಡುವ ನೆಂಟನ ಹಾಗೆ. ಹೀಗೇ ಬಿಟ್ಟರೆ ಕಂಪ್ರೆಸರ್ ಸವೆದು ಹೋಗುತ್ತದೆ. ಅದಕ್ಕಿಂತ ಮೊದಲು ಒಳಗೆ ಕುಳಿತವರು ಬೆವರಿ ಬೇಯುತ್ತಾರೆ.

ಈ ಗಾಡಿಯಲ್ಲಿ ಬೇಯುವವರು ಮನುಷ್ಯರಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಬೇಯುತ್ತಿರುವುದು ಕೇಕು. ಗಾಡಿಯ ಮಾಲೀಕರು ಮೂರು ಬೀದಿ ಆಚೆ ಬೇಕರಿ ನಡೆಸುವ ಗಂಡ ಹೆಂಡತಿ, ಇಬ್ಬರೂ ಗಾಡಿಯ ಪಕ್ಕದಲ್ಲೇ ನಿಂತಿದ್ದಾರೆ. ಕಳೆದ ತಿಂಗಳು ಯಾರದೋ ಮದುವೆಗೆ ಒಯ್ದ ಕೇಕಿನ ಮೇಲಂತಸ್ತು ದಾರಿಯಲ್ಲೇ ಕರಗಿ ಜಾರಿ ಕೆಳಗಿನದರ ಮೇಲೆ ಒರಗಿಕೊಂಡಿತ್ತು. ಮದುವೆಯವರು ಒಂದು ಮಾತೂ ಆಡದೆ ಅದನ್ನೇ ಕತ್ತರಿಸಿ ಹಂಚಿದರಂತೆ. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಬೇಕರಿಯಮ್ಮ. "ಪಾಪ ಅಂತ ನೋಡಿದ್ರಲ್ಲ, ಅದೇ ಚುಚ್ಚಿದ್ದು."

ನಾಳೆ ಮಧ್ಯಾಹ್ನ ಅವರ ಸ್ವಂತ ತಂಗಿಯ ಮದುವೆ. ಬೇಕರಿ ಶುರುವಾದ ವರ್ಷಗಳಲ್ಲಿ ಪಾತ್ರೆ ತಿಕ್ಕಿ, ಒಲೆ ಮುಂದೆ ನಿಂತು ಅಕ್ಕನ ಜೊತೆ ದುಡಿದ ತಂಗಿ. ನಲವತ್ತು ದಾಟಿದ ಮೇಲೆ ಮನಸ್ಸಿಗೆ ಒಪ್ಪಿದವನು ಸಿಕ್ಕಿದ್ದಾನೆ. ಇನ್ನೊಂದು ಊರಿನ ಕಲ್ಯಾಣ ಮಂಟಪದಲ್ಲಿ ಮದುವೆ, ದಾರಿ ಉದ್ದ, ಬಿಸಿಲು ಸುಡುಬಿಸಿಲು. ತಂಗಿ ಫೋನಿನಲ್ಲಿ "ಇಲ್ಲೇ ಯಾವುದಾದ್ರೂ ಕೇಕ್ ತಗೊಳ್ತೀವಿ ಬಿಡಕ್ಕ, ನೀನು ಬಂದ್ರೆ ಸಾಕು" ಅಂದಿದ್ದಾಳೆ. ಬೇಕರಿಯಮ್ಮನಿಗೆ ಅದು ಸಾಕಾಗುವ ಮಾತಲ್ಲ.

ತಂಪಕ್ಕ ಬಾಗಿಲು ತೆರೆದು ಕ್ಯಾಬಿನ್ನಿನೊಳಗೆ ಇಣುಕಿ ಮೂಗು ಮುರಿಯುತ್ತಾರೆ. ಒಳಗೆಲ್ಲ ಫಳಫಳ ಹೊಳೆಯುತ್ತಿದೆ. ಶೆಡ್ಡಿನ ಗೋಡೆಯ ಮೇಲೆ ಅವರದೇ ಕೈಬರಹದ ಹಲಗೆ ಇದೆ: ಗಾಡಿ ತೊಳೆದು ತರಬೇಡಿ. ಯಾರೂ ಕೇಳುವುದಿಲ್ಲ.

"ಯಾಕ್ರೀ ತೊಳ್ಕೊಂಡು ಬಂದ್ರಿ?"

"ಡಾಕ್ಟರ್ ಹತ್ರ ಹೋಗುವಾಗ ಸ್ನಾನ ಮಾಡ್ಕೊಂಡು ಹೋಗಲ್ವಾ ಅಕ್ಕ, ಹಾಗೇ," ಎನ್ನುತ್ತಾರೆ ಬೇಕರಿಯ ಯಜಮಾನರು.

"ಸ್ನಾನ ಮಾಡಿ, ಬೇಡ ಅನ್ನಲ್ಲ. ಗಾಯಾನೂ ಒರೆಸ್ಕೊಂಡು ಬಂದ್ರೆ ನಾನೇನು ನೋಡ್ಲಿ?"

ಯಜಮಾನರು ಗಾಡಿಯ ಹಿಂದಿನ ಕಥೆ ಹೇಳುತ್ತಾರೆ. ಇದಕ್ಕೆ ಮುಂಚೆ ಗಾಡಿ ನೋಡಿದ ಇಬ್ಬರು ಮೆಕ್ಯಾನಿಕ್‌ಗಳೂ ಗ್ಯಾಸ್ ಕಡಿಮೆಯಾಗಿದೆ ಎಂದು ತುಂಬಿಸಿ ಕಳಿಸಿದ್ದಾರಂತೆ. ಎರಡು ದಿನ ಪರವಾಗಿಲ್ಲ ಎನ್ನಿಸಿ, ಕೇಕ್ ಏರಿಸಿದ ದಿನ ಮತ್ತೆ ಅದೇ ರಾಗ. ತಂಪಕ್ಕನ ಹುಬ್ಬು ಏರುವುದು ಆ ಕೊನೆಯ ಮಾತಿಗೆ. "ಕೇಕ್ ಒಯ್ಯೋ ದಿನ ಗಾಡಿ ಹೇಗೆ ತುಂಬ್ತೀರೋ ಹಾಗೇ ತುಂಬ್ಕೊಂಡು ಮಧ್ಯಾಹ್ನ ಬನ್ನಿ. ಕೇಕ್ ಬೇಡ, ಖಾಲಿ ಡಬ್ಬ ಸಾಕು. ಆದ್ರೆ ಏನೂ ಬಿಡಬೇಡಿ."

ಬೇಕರಿಯವರು ಹೋದ ಮೇಲೆ ಶೆಡ್ಡಿನ ಒಳಗಿನಿಂದ ಚಹಾ ಲೋಟ ಹಿಡಿದು ಬರುವವರು ತಂಪಕ್ಕನ ಮಾವ, ಅಂದರೆ ಗಂಡನ ತಂದೆ. ಶೆಡ್ಡು ಅವರದೇ. ಜೀವಮಾನವೆಲ್ಲ ಎಂಜಿನ್ ಸದ್ದಿನ ಪಕ್ಕದಲ್ಲಿ ನಿಂತು ಅವರ ಕಿವಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಸೊಸೆ ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು. ಸಾಲಿನಲ್ಲಿ ಯಾವ ಯಂತ್ರ ಹೊಲಿಗೆ ತಪ್ಪುತ್ತಿದೆ ಎಂಬುದನ್ನು ತಲೆ ಎತ್ತದೆ ಹೇಳುತ್ತಿದ್ದರಂತೆ. ಕಾರ್ಖಾನೆಗೆ ಬೀಗ ಬಿದ್ದಾಗ ಮಾವನೇ ಕರೆದು ಸ್ಪ್ಯಾನರ್ ಕೈಗಿಟ್ಟರು. "ನನ್ನ ಕಿವಿ ಈಗ ಸೊಸೆ ತಲೆಯಲ್ಲಿದೆ," ಎನ್ನುತ್ತಾರೆ ಅವರು, ಕಿವುಡರು ಮಾತಾಡುವಷ್ಟು ಜೋರಾಗಿ. "ನನಗೆ ಉಳಿದಿರೋದು ಕೈ ಮಾತ್ರ."

ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಗಿರಾಕಿಗಳು ಇವರ ತಲೆಯ ಮೇಲಿಂದ ಶೆಡ್ಡಿನೊಳಗೆ ನೋಡಿ "ಮೆಕ್ಯಾನಿಕ್ ಇಲ್ವಾ?" ಎನ್ನುತ್ತಿದ್ದರು. ಗ್ಯಾಸ್ ಚಿಮ್ಮಿ ಬೆರಳು ಮರಗಟ್ಟಿ ಚರ್ಮ ಎದ್ದುಹೋದದ್ದೂ ಇದೆ. ಆ ಕಲೆ ತೋರಿಸುವಾಗ ಅವರ ಮುಖದಲ್ಲಿ ದುಃಖವಿಲ್ಲ. ಅವರಿಗೆ ದುಃಖವಿರುವುದು ಬೇರೆ ವಿಷಯಕ್ಕೆ. "ಗಾಡಿಯಲ್ಲಿ ಕೂತ್ರೆ ನಿದ್ದೆ ಬರಲ್ಲ. ಎಲ್ಲರೂ ಬಾಯಿ ಬಿಟ್ಕೊಂಡು ಮಲಗ್ತಾರೆ, ನಾನು ಟಕ್ ಟಕ್ ಕೇಳ್ತಾ ಕೂತಿರ್ತೀನಿ. ಈ ಕೆಲಸ ಹಿಡಿದ ಹೊಸದರಲ್ಲಿ ಬಸ್ಸಲ್ಲಿ ಹೋಗ್ತಾ ಎದ್ದು ಹೋಗಿ ಡ್ರೈವರಿಗೆ ಎಂಜಿನ್ ಬೆಲ್ಟ್ ಸಡಿಲ ಆಗಿದೆ ಅಂದಿದ್ದೆ. ನಮ್ಮೆಜಮಾನ್ರು ನಾನು ಯಾರೋ ಗೊತ್ತೇ ಇಲ್ಲ ಅನ್ನೋ ಹಾಗೆ ಕಿಟಕಿ ಕಡೆ ತಿರುಗಿದ್ರು. ಒಂದ್ಸಲನಾದ್ರೂ ಗಾಡಿಯಲ್ಲಿ ಸುಖವಾಗಿ ಮಲಗ್ಬೇಕು, ಅಷ್ಟೇ ಆಸೆ."

ಮಧ್ಯಾಹ್ನ ಪಿಕಪ್ ವಾಪಸ್ಸು ಬರುತ್ತದೆ. ಹಿಂದೆಯೂ ಸೀಟಿನ ಸಾಲಿರುವ ಗಾಡಿ ಅದು. ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಗಂಭೀರವಾಗಿ ಕುಳಿತಿರುವುದು ಖಾಲಿ ಕೇಕ್ ಡಬ್ಬ. ಅದು ಸೀಟಿಗಿಂತ ದೊಡ್ಡದು, ಮುಂದಕ್ಕೆ ಚಾಚಿಕೊಂಡಿದೆ. ಜಾರಬಾರದೆಂದು ಅದರ ಕೆಳಗೆ, ಕಾಲಿಡುವ ಜಾಗದಲ್ಲಿ, ಎರಡು ಮೈದಾ ಚೀಲಗಳನ್ನು ಒತ್ತಿ ತುರುಕಿದ್ದಾರೆ. ಓಡಿಸಿ ನೋಡಲು ನಾವೆಲ್ಲ ಹತ್ತಿ ಹೊರಟ ಸ್ವಲ್ಪ ಹೊತ್ತಿಗೇ ಕಂಪ್ರೆಸರ್ ಟಕಟಕ ಶುರುಮಾಡುತ್ತದೆ. ಹಿಂದಿನ ಸೀಟಿನಿಂದ ತಂಪಕ್ಕ ಬಗ್ಗಿ ಚೀಲದ ಹಿಂದೆ ಕೈ ತೂರಿಸುತ್ತಾರೆ. ಹೊರಗೆ ಬಂದ ಕೈ ಮೊಣಕೈವರೆಗೂ ಬೆಳ್ಳಗಾಗಿದೆ.

"ನಿಲ್ಸಿ," ಎನ್ನುತ್ತಾರೆ. "ಏಸಿ ಗಾಳಿ ಎಳ್ಕೊಳ್ಳೋ ಕಿಂಡಿ ಇಲ್ಲಿದೆ. ಅದರ ಮೂಗಿಗೇ ಮೈದಾ ಮೂಟೆ ಒತ್ತಿದ್ದೀರಲ್ಲ."

"ಚೀಲ ಇಟ್ಟಿದ್ದು ನಾನಲ್ಲ," ಎನ್ನುತ್ತಾರೆ ಯಜಮಾನರು.

"ಇಡು ಅಂದಿದ್ದು ಯಾರ್ರೀ?" ಎನ್ನುತ್ತಾರೆ ಬೇಕರಿಯಮ್ಮ.

ಶೆಡ್ಡಿಗೆ ಮರಳಿ ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಕಂಡದ್ದನ್ನು ನಾನು ಮರೆಯಲಾರೆ. ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಒಳಗಿರುತ್ತದೆ, ಅದು ಯಾವಾಗಲೂ ತೇವ. ಗಾಡಿ ಕುಲುಕಿದಾಗಲೆಲ್ಲ ಚೀಲದಿಂದ ಎದ್ದ ಹಿಟ್ಟನ್ನು ಫ್ಯಾನ್ ಎಳೆದುಕೊಂಡಿದೆ, ಈ ಹಳೆಯ ಗಾಡಿಯಲ್ಲಿ ಅದನ್ನು ತಡೆಯಲು ಫಿಲ್ಟರೂ ಇಲ್ಲ. ತೇವದ ಮೇಲೆ ಬಿದ್ದ ಹಿಟ್ಟು ನಾದಿಕೊಂಡು ಕಾಯಿಲ್ ಮೇಲೆ ದಪ್ಪಗೆ ಕುಳಿತುಬಿಟ್ಟಿದೆ. ಗಾಳಿ ಹಾಯದ ಕಾಯಿಲ್ ಬೇಗ ಹೆಪ್ಪುಗಟ್ಟುತ್ತದೆ, ತಂಪು ಸಾಕಾಯಿತು ಎಂದು ಕಂಪ್ರೆಸರ್ ನಿಲ್ಲುತ್ತದೆ. ಸೀಟಿನ ಮೇಲೆ ಕೇಕ್ ಮಾತ್ರ ಬೆವರುತ್ತಿರುತ್ತದೆ. ಗ್ಯಾಸಿನ ಒತ್ತಡ ತೋರಿಸುವ ಮೀಟರಿನ ಒಂದು ಮುಳ್ಳು ಕೆಳಗಿದ್ದದ್ದನ್ನು ಕಂಡು ಹಿಂದಿನವರು ಗ್ಯಾಸ್ ತುಂಬಿದ್ದು ಗಾಯದ ಮೇಲೆ ಬರೆ ಎಳೆದ ಹಾಗಾಗಿದೆ. ಮಾವ ಬಗ್ಗಿ ನೋಡಿ, "ಒಂಚೂರು ಬಿಸಿ ತಾಗಿದ್ರೆ ಬ್ರೆಡ್ಡೇ ಆಗ್ತಿತ್ತು," ಎಂದಾಗ ಬೇಕರಿಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಬೆಳಗಿನಿಂದ ಅವರ ಮುಖದಲ್ಲಿ ನಗು ಕಂಡದ್ದು ಆಗಲೇ. ನನ್ನ ಮನಸ್ಸೂ ಹಗುರಾಗುತ್ತದೆ.

ಕಾಯಿಲ್ ತೊಳೆದು, ಹೆಚ್ಚಾದ ಗ್ಯಾಸ್ ತೆಗೆದು, ಪೈಪುಗಳ ಒಳಗನ್ನು ಪಂಪಿನಿಂದ ಬರಿದು ಮಾಡಿ, ತೂಕ ನೋಡಿ ಹೊಸ ಗ್ಯಾಸ್ ತುಂಬುವಷ್ಟರಲ್ಲಿ ಬಿಸಿಲು ಇಳಿದಿದೆ. ಬೇಕರಿಯಮ್ಮ ಕ್ರೀಮ್ ಕಲೆಸಲು ಓಡಿದ್ದಾರೆ. ತಂಪಕ್ಕ ಎಂಜಿನ್ ಚಾಲೂ ಮಾಡಿ ಕೈ ಒರೆಸಿಕೊಳ್ಳುತ್ತಾರೆ. ಮಾವ ಮಾತ್ರ ಕಂಪ್ರೆಸರಿನ ಪೈಪಿನ ಮೇಲೆ ಅಂಗೈ ಇಟ್ಟು ನಿಂತಿದ್ದಾರೆ, ತಲೆ ಅಡ್ಡಡ್ಡ ಆಡಿಸುತ್ತಾರೆ. ಕಂಪ್ರೆಸರಿಗೆ ಇನ್ನೂ ಅದೇ ಬಂದು ಹೋಗುವ ಅವಸರ.

ತಂಪಕ್ಕ ಸ್ಟೂಲೆಳೆದು ಕುಳಿತು ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಎದ್ದು ತಮ್ಮ ಹಣೆಯನ್ನು ತಾವೇ ತಟ್ಟಿಕೊಳ್ಳುತ್ತಾರೆ. ಕಾಯಿಲಿನ ತಂಪು ಅಳೆಯುವ ಒಂದು ತೆಳ್ಳನೆಯ ತಂತಿ ಇರುತ್ತದೆ. ತೊಳೆಯುವ ಭರದಲ್ಲಿ ಅದನ್ನು ಅವರೇ ಅತಿ ತಣ್ಣನೆಯ ಮೂಲೆಗೆ ಸರಿಸಿಬಿಟ್ಟಿದ್ದಾರೆ. "ತಪ್ಪು ನಂದೇ," ಎಂದು ಮಾವನಿಗೆ ಕೈಸನ್ನೆಯಲ್ಲಿ ಹೇಳಿ ಮತ್ತೆ ಡ್ಯಾಶ್‌ಬೋರ್ಡಿನೊಳಗೆ ನುಗ್ಗುತ್ತಾರೆ. ತಂತಿ ತನ್ನ ಜಾಗಕ್ಕೆ ಬಂದ ಮೇಲೆ ಮಾವನ ಅಂಗೈ ಪೈಪಿನ ಮೇಲೆ ಸುಮ್ಮನೆ ಕೂರುತ್ತದೆ, ಅವರ ಮುಖ ಅರಳುತ್ತದೆ.

ಮರುದಿನ ಕೇಕ್ ಏರುತ್ತದೆ. ಮೂರಂತಸ್ತು, ಬಿಳಿ ಕ್ರೀಮಿನ ಗುಲಾಬಿಗಳು. ಮೈದಾ ಚೀಲಕ್ಕೆ ಪ್ರವೇಶವಿಲ್ಲ. ಹಾಗಾದರೆ ಡಬ್ಬಕ್ಕೆ ಆಸರೆ ಏನು ಎಂದು ಎಲ್ಲರೂ ಮುಖ ಮುಖ ನೋಡುವಾಗ ತಂಪಕ್ಕ ತಮ್ಮ ಮೋಟು ಸ್ಟೂಲನ್ನು ತಂದು ಆ ಜಾಗದಲ್ಲಿಡುತ್ತಾರೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತದೆ, ಕಾಲುಗಳ ನಡುವೆ ಗಾಳಿಗೂ ದಾರಿ. ಬೇಕರಿಯಮ್ಮ ಅವರ ಕೈ ಹಿಡಿದು, "ನೀವೂ ಬರ್ಲೇಬೇಕು ಅಕ್ಕ, ಇಲ್ದಿದ್ರೆ ದಾರಿಯುದ್ದಕ್ಕೂ ನನ್ನ ಜೀವ ಬಾಯಲ್ಲಿರುತ್ತೆ," ಎನ್ನುತ್ತಾರೆ. ಸದ್ದು ಕೇಳೋಕೆ ಮಾತ್ರ ಬರ್ತೀನಿ ಎಂದು ಷರತ್ತು ಹಾಕಿ ತಂಪಕ್ಕ ಹತ್ತುತ್ತಾರೆ. ಹಿಂದಿನ ಸೀಟಿನಲ್ಲಿ ಅವರು, ಬೇಕರಿಯಮ್ಮ, ನಾನು.

ಹೊರಗೆ ಡಾಂಬರು ಕರಗುವ ಬಿಸಿಲು. ಒಳಗೆ ಬೇಕರಿಯಮ್ಮ ಸೆರಗು ಹೊದ್ದುಕೊಳ್ಳುತ್ತಾರೆ. 'ಟಕ್' ಎಂದು ಅಂಟಿಕೊಂಡ ಕಂಪ್ರೆಸರ್ ಮನೆಯವರಂತೆ ದುಡಿದು, ದಣಿವಾರಿಸಿಕೊಂಡು, ನಿಧಾನವಾಗಿ ಮತ್ತೆ ಕೆಲಸಕ್ಕೆ ಬರುತ್ತದೆ. ಎರಡು ದಿನದ ಸಹವಾಸದಿಂದ ನನ್ನ ಕಿವಿಗೂ ಅದು ತಿಳಿಯುತ್ತಿದೆ. ಈ ಪಾಂಡಿತ್ಯವನ್ನು ತಂಪಕ್ಕನ ಮುಂದೆ ತೋರಿಸಿಕೊಳ್ಳೋಣ ಎಂದು ತಿರುಗಿದರೆ ಬೇಕರಿಯಮ್ಮ ಒಂದು ಬೆರಳೆತ್ತಿ ನನ್ನ ಬಾಯಿ ಮುಚ್ಚಿಸುತ್ತಾರೆ. ತಂಪಕ್ಕನ ತಲೆ ಕಿಟಕಿಗೆ ಒರಗಿದೆ, ಬಾಯಿ ಅರೆ ತೆರೆದಿದೆ, ಸಣ್ಣಗೆ ಗೊರಕೆಯೂ ಇದೆ.

ಕಲ್ಯಾಣ ಮಂಟಪದ ಮುಂದೆ ಗಾಡಿ ನಿಲ್ಲುತ್ತದೆ. ಮದುಮಗಳು ಕಾದು ನಿಂತವಳು ಓಡಿಬಂದು ಮುಂದಿನ ಬಾಗಿಲು ತೆರೆದು ಡಬ್ಬದ ಮುಚ್ಚಳ ಎತ್ತುತ್ತಾಳೆ. ಮೂರೂ ಅಂತಸ್ತು ನೆಟ್ಟಗೆ ನಿಂತಿವೆ, ಒಂದು ಗುಲಾಬಿಯೂ ಮುಕ್ಕಾಗಿಲ್ಲ. "ಅಕ್ಕ," ಎಂದಷ್ಟೇ ಹೇಳಿ ಅವಳು ಬೇಕರಿಯಮ್ಮನನ್ನು ತಬ್ಬಿಕೊಳ್ಳುತ್ತಾಳೆ. ಇಬ್ಬರೂ ಅತ್ತು ನಗುವ ಸದ್ದಿಗೆ ತಂಪಕ್ಕನಿಗೆ ಎಚ್ಚರವಾಗುತ್ತದೆ.

"ಹೇಗಿತ್ತು ಸದ್ದು?" ಅವರು ಕೇಳುವ ಮೊದಲ ಮಾತೇ ಅದು.

"ನಮಗೇನು ಗೊತ್ತಕ್ಕ, ಕೇಳೋಕೆ ಬಂದೋರು ನೀವು. ನೀವು ಮಲಗಿಬಿಟ್ರಿ," ಎನ್ನುತ್ತಾರೆ ಬೇಕರಿಯಮ್ಮ ಕಣ್ಣೊರೆಸಿಕೊಳ್ಳುತ್ತಾ.

"ನಾನಾ? ಗಾಡಿಯಲ್ಲಾ?" ತಂಪಕ್ಕ ಕೇಕನ್ನು ನೋಡುತ್ತಾರೆ, ಅದರ ಕೆಳಗಿನ ತಮ್ಮ ಸ್ಟೂಲನ್ನು ನೋಡುತ್ತಾರೆ. ಕೆನ್ನೆಯ ಮೇಲೆ ಕಿಟಕಿಯ ಅಂಚಿನ ಗುರುತು ಕೆಂಪಗೆ ಮೂಡಿದೆ, ಅದನ್ನು ಬೆರಳಿನಿಂದ ಮುಟ್ಟಿಕೊಳ್ಳುತ್ತಾರೆ. ಆಮೇಲೆ ಮುಖದ ತುಂಬ ನಗುತ್ತಾರೆ.

"ಬೇಗ ಊರಿಗೆ ಹೋಗ್ಬೇಕು. ಫೋನಲ್ಲಿ ನಮ್ಮ ಮಾವಂಗೆ ಕೇಳ್ಸಲ್ಲ, ಮುಂದೆ ನಿಂತೇ ಹೇಳ್ಬೇಕು. ನಾನು ಮಲಗಿದ್ದೆ ಅಂದ್ರೆ ಸಾಕು, ಗಾಡಿ ಹೇಗಾಯ್ತು ಅಂತ ಅವರು ಕೇಳೋದೇ ಇಲ್ಲ."