ಹಳೇ ಬೋರ್ಡುಗಳ ಕೊಟ್ರೇಶ

ಬೆಳಿಗ್ಗೆ ಕೊಟ್ರೇಶನ ತಮ್ಮ ಫೋನ್ ಮಾಡಿ ಹೇಳಿದಾಗ, ಸರಿ, ಆಮೇಲೆ ಮಾತಾಡ್ತೀನಿ ಎಂದು ಇಟ್ಟುಬಿಟ್ಟೆ...
ವಿಷಯ ತಲೆಗೆ ಹೋಗಲೇ ಇಲ್ಲ.
ಅರ್ಧ ಗಂಟೆ ನನ್ನ ಅಂಗಡಿಯಲ್ಲಿ ಗಿರಾಕಿಗಳಿಗೆ ಜೆರಾಕ್ಸ್ ತೆಗೆದುಕೊಡುತ್ತಾ ನಿಂತಿದ್ದೆ.
ಆಮೇಲೆ ಅಂಗಡಿ ಮುಚ್ಚಿದೆ.

ಕೊಟ್ಟೂರಿನ ನಮ್ಮ ಕೊಟ್ರೇಶ ಹೋಗಿಬಿಟ್ಟ...
ಹಾರ್ಟ್ ಅಟ್ಯಾಕ್.
ಐವತ್ತೂ ತುಂಬಿರಲಿಲ್ಲ.

ಮಣ್ಣು ಮುಗಿಸಿ ಈಗಷ್ಟೇ ಹಗರಿಬೊಮ್ಮನಹಳ್ಳಿಗೆ ಬಂದೆ. ಸಾಕಾಗಿದೆ. ಆದರೂ ಇವತ್ತೇ ಬರೆಯಬೇಕು...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಕಂಪನಿಯೇ ಮುಚ್ಚಿಹೋದ ಮಷಿನ್‌ಗಳ ಸುಟ್ಟ ಸರ್ಕ್ಯೂಟ್ ಬೋರ್ಡ್ ಹಿಡಿದು ಜನ ಅವನ ರಿಪೇರಿ ಅಂಗಡಿಗೆ ಬರುತ್ತಿದ್ದರು.
ಅವನು ಪಾರ್ಟ್ಸ್ ಬಿಚ್ಚಿ, ಬೋರ್ಡ್ ತೊಳೆದು, ಎರಡನ್ನೂ ಬಸ್ಸಿನಲ್ಲಿ ನನಗೆ ಕಳಿಸುತ್ತಿದ್ದ.
ನಾನು ಸ್ಕ್ಯಾನ್ ಮಾಡಿ ಸಾಫ್ಟ್‌ವೇರ್‌ಗೆ ಹಾಕಿ, ಆ ಚಿತ್ರದ ಮೇಲೆ ಕರೆಂಟ್ ಹರಿಯುವ ತಾಮ್ರದ ಗೆರೆಗಳನ್ನು ಒಂದೊಂದಾಗಿ ಎಳೆಯುತ್ತಿದ್ದೆ.
ಆ ಫೈಲನ್ನು ಬೋರ್ಡ್ ತಯಾರಿಸುವ ಕಂಪನಿಗೆ ಕಳಿಸಿದರೆ ಹೊಸ ಬೋರ್ಡ್ ಬರುತ್ತಿತ್ತು.

ಕಳಿಸುವ ಮುಂಚೆ ಅವನದೊಂದು ಕಟ್ಟಪ್ಪಣೆ...
ಪ್ರಿಂಟ್ ತೆಗೆದು, ಆ ಕಾಗದಕ್ಕೆ ಪಾರ್ಟ್ಸ್‌ನ ತಂತಿಕಾಲು ಚುಚ್ಚಿ, ಯಾವ ಕಾಲು ಯಾವ ಗೆರೆಗೆ ಬರುತ್ತದೆ ನೋಡಬೇಕು.
"ಕಣ್ಣು ಮೋಸ ಮಾಡ್ತಾವಲೇ... ಕಾಲು ಮಾಡಂಗಿಲ್ಲ."

ಕೊಟ್ರೇಶ...
ಹಡಗಲಿಯ ಹೊಲಿಗೆ ಅಕ್ಕನ ಎಂಬ್ರಾಯ್ಡರಿ ಮಷಿನ್ ನೆನಪಿದೆಯಲ್ಲ ನಿನಗೆ?
ಮದುವೆ ಸೀಸನ್. ಆಕೆಯ ಮನೆ ತುಂಬ ಬೇರೆಯವರ ರವಿಕೆ ಬಟ್ಟೆ.
ನೀನು ಅರ್ಜೆಂಟ್ ಅಂದೆ. ನಾನೂ ಅರ್ಜೆಂಟಾಗಿಯೇ ಮಾಡಿದೆ.
ತಾಮ್ರದ ಬದಿ ಸ್ಕ್ಯಾನ್ ಮಾಡಿದರೆ ಚಿತ್ರವನ್ನು ಮಗುಚಬೇಕು. ಇಲ್ಲದಿದ್ದರೆ ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗುತ್ತದೆ.
ಎಷ್ಟು ಬೋರ್ಡ್ ಮಾಡಿದ್ದೆ ನಾನು... ಅದೊಂದು ಸಲ ಮರೆತೆ.
ಕಾಗದ ಚುಚ್ಚಿದ್ದರೆ ಗೊತ್ತಾಗುತ್ತಿತ್ತು. ಚುಚ್ಚಲಿಲ್ಲ.
ನೀನು ಫೋನಿನಲ್ಲಿ ಕೇಳಿದಾಗ ಚುಚ್ಚಿ ನೋಡಿದೆ ಅಂದೆ ನಾನು. ಅದನ್ನೇ ನಂಬಿ ನೀನು ಬೋರ್ಡ್ ಹಾಕಿದೆ.

ಸ್ವಿಚ್ ಹಾಕಿದ ಕೂಡಲೇ ಹೊಗೆ ಬಂತಂತೆ. ಮಷಿನ್ನಿನ ಮೋಟರೂ ಹೋಯಿತು.
ಆಕೆ ಅಳುತ್ತಾ ಬಟ್ಟೆಗಳನ್ನು ಅವರವರಿಗೆ ವಾಪಸ್ ಕೊಟ್ಟರು.
ನೀನು "ತಪ್ಪು ನಂದೇ" ಅಂದೆಯಂತೆ. ಒಂದು ವಾರ ಅಲ್ಲೇ ಕೂತು, ಬೇರೆ ಮೋಟರ್ ಹಾಕಿ, ಬೋರ್ಡಿನ ಬದಲು ಕೈಯಲ್ಲೇ ವೈರ್ ಎಳೆದು ಮಷಿನ್ ಓಡಿಸಿದೆ.
ಆದರೆ ಕೊಟ್ರೇಶನ ಬೋರ್ಡ್ ಹಾಕಿದರೆ ಹೊಗೆ ಬರುತ್ತದೆ ಎಂಬ ಮಾತು ಹರಪನಹಳ್ಳಿವರೆಗೂ ಹೋಯಿತು. ಕೆಲಸ ಅರ್ಧಕ್ಕಿಳಿಯಿತು.

ಆಮೇಲೆ ಒಂದೇ ಸಲ ಕೇಳಿದೆ ನೀನು.
"ಖರೇ ಹೇಳು... ಚುಚ್ಚಿ ನೋಡಿದ್ದೇನು?"
ನೋಡೀನಿ ಅಂದೆ ನಾನು.
ನೀನು ಸ್ಕ್ರೂಡ್ರೈವರ್ ಎತ್ತಿಕೊಂಡೆ.
"ಆತು ಬಿಡು."

ನೀನು ಬಿಟ್ಟೇಬಿಟ್ಟೆ ಮಾರಾಯ. ಮುಂದಿನ ಬೋರ್ಡನ್ನೂ ನನಗೇ ಕಳಿಸಿದೆ.
ಬೈದಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಏನೋ...

ಇವತ್ತು ಮಣ್ಣಿಗೆ ಆ ಅಕ್ಕನೂ ಬಂದಿದ್ದರು.
ನಿನ್ನ ಹೆಂಡತಿಯ ಕೈ ಹಿಡಿದು ಅಂದರು:
"ಒಂದ್ ಸಲ ತಪ್ಪು ಮಾಡಿದ್ರೂ ಅಣ್ಣ ನನ್ನ ಕೈ ಬಿಡ್ಲಿಲ್ಲರಿ."
ನಿನ್ನ ಹೆಂಡತಿ ತಲೆ ತಗ್ಗಿಸಿದಳು.
ಪಕ್ಕದಲ್ಲೇ ಇದ್ದೆ ನಾನು. ಅಲ್ಲೂ ನಿಜ ಹೇಳದೆ ಬಸ್ಸು ಹತ್ತಿದೆ...

ಆ ಅಕ್ಕನಿಗೆ ಪರಿಚಯವಿರುವವರು ದಯವಿಟ್ಟು ಇದನ್ನು ಶೇರ್ ಮಾಡಿ.
ನಾಳೆ ನಾನೇ ಕೊಟ್ಟೂರಿಗೆ ಹೋಗಿ ಅವನ ಮನೆಯವರ ಮುಂದೆ ಹೇಳುತ್ತೇನೆ.
ಆ ತಪ್ಪು ಕೊಟ್ರೇಶನದಲ್ಲ.
ನನ್ನದು.

ನೀನು ದಣಿದಿದ್ದೆ, ಮಲಗು ಗೆಳೆಯ...
ನಿನ್ನ ಜೀವ ತಣ್ಣಗಿರಲಿ.