ಹೊನ್ನಾಂಬೆ ಕೇಳಲು ಬಂದ ಶ್ರಾವಣ

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ನಮ್ಮೂರ ಶಾಲೆಯಲ್ಲಿ ಕಲಿಸುತ್ತಿದ್ದದ್ದು ಉರ್ದು. ಕನ್ನಡ ಮನೆಯೊಳಗಿನ ಮಾತಾಗಿತ್ತು. ಗಂಗಾವತಿಗೆ ಹೋಗುವ ಬಂಡಿದಾರಿಯಲ್ಲಿ, ಹೇಮಗುಡ್ಡ ಕಣ್ಣಿಗೆ ಬೀಳುವಷ್ಟು ದೂರದಲ್ಲಿ ನಮ್ಮ ಊರು. ಮನೆಯಲ್ಲಿ ಕನ್ನಡ ಓದಬಲ್ಲವರು ಇಬ್ಬರೇ. ಒಬ್ಬಳು ಅಪ್ಪನ ತಂಗಿ ಶಾಂತತ್ತೆ. ಗದಗಿನ ಸೋದರಮಾವನ ಮನೆಯಲ್ಲಿದ್ದು ಕಲಿತು ಬಂದಿದ್ದಳು. ಇನ್ನೊಬ್ಬಳು ನಾನು. ಅಂಗಳದ ಉಸುಕಿನಲ್ಲಿ ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದವಳು ಅವಳೇ.

ಆ ವರ್ಷ ಪುರಾಣ ಹೇಳುವ ಶಾಸ್ತ್ರಿಗಳು ಜ್ವರ ಬಂದು ಮಲಗಿದರು. ಶ್ರಾವಣದಲ್ಲಿ ಪುರಾಣ ಹಚ್ಚದೆ ಬಿಡುವ ಮನೆ ನಮ್ಮದಲ್ಲ.

"ಶಾಂತಾ, ನಿನ್ನ ಟ್ರಂಕಿನಾಗ ದಪ್ಪಂದೊಂದು ಪುಸ್ತಕ ಐತೆಲ್ಲ, ಅದನ್ನ ಓದು," ಎಂದಳು ಅಜ್ಜಿ.

"ಅದು ಪುರಾಣಲ್ಲಬೇ ಯವ್ವಾ, ಕಾದಂಬರಿ. ಪಾಳೇಗಾರನ ಮಗಳ ಕತಿ."

"ಪುರಾಣದಾಗೂ ರಾಜರ ಮಕ್ಕಳ ಇರ್ತಾರ. ತಗೊಂಬಾ."

ಅಜ್ಜಿ ಅದನ್ನು ವ್ಯಾಸಪೀಠದ ಮೇಲಿಟ್ಟು, ವಿಭೂತಿ ಹಚ್ಚಿ, ಹೂವೇರಿಸಿದಳು. ಕಾದಂಬರಿ ಪುರಾಣವಾಯಿತು.

ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯನ್ನು ಸೆಗಣಿಯಿಂದ ಸಾರಿಸುತ್ತಿದ್ದರು. ನೆಲ ಇನ್ನೂ ಹಸಿಯಿರುವಾಗಲೇ ಓಣಿಯ ಹೆಂಗಸರು ಬಂದು ಗೋಡೆಗುಂಟ ಕೂಡುತ್ತಿದ್ದರು. ಒಳಗೆ ಪ್ರಸಾದಕ್ಕೆಂದು ಹೆಸರುಕಾಳಿನ ಉಸುಳಿಯ ಒಗ್ಗರಣೆ ಘಮಘಮಿಸುತ್ತಿತ್ತು. ನಾನು ಗಜ್ಜುಗದ ಆಟ ಬಿಟ್ಟು ಅತ್ತೆಯ ಪಕ್ಕ ಕೂಡುತ್ತಿದ್ದೆ.

ಕಾದಂಬರಿಯ ನಾಯಕಿ ಹೊನ್ನಾಂಬೆ. ತಂದೆ ಸತ್ತು ಕೋಟೆ ಹೋದಮೇಲೆ ಕುದುರೆ ಸವಾರಿ ಕಲಿತು, ದಂಡು ಕಟ್ಟಿ, ಕೋಟೆ ಮರಳಿ ಪಡೆಯಲು ಹೊರಟವಳು. ಕೈಹಿಡಿಯಲು ಬಂದ ರಾಜಕುಮಾರನನ್ನು ಅವಳು ಪ್ರೀತಿಸುತ್ತಾಳೆ. ಆದರೆ ಯಾರದೋ ರಾಣಿಯಾಗಿ ಕೋಟೆಯೊಳಗೆ ಹೋಗಲಾರೆ, ಒಡತಿಯಾಗಿಯೇ ಹೋಗುತ್ತೇನೆ ಎನ್ನುತ್ತಾಳೆ. ಕೇಳುವವರು ಆ ಕೋಟೆಯನ್ನು ಹೇಮಗುಡ್ಡದ ಮೇಲೆ ಕಟ್ಟಿಕೊಂಡರು, ಅವಳನ್ನು ಹೊನ್ನವ್ವ ಎಂದು ಕರೆದರು.

"ಈಕಿ ಕುದುರಿ ಮ್ಯಾಲ ತಿರಗತಾ ಕುಂತ್ರ ರೊಟ್ಟಿ ಯಾರು ಬಡೀತಾರವಾ?" ಎಂದಳು ಪಕ್ಕದ ಮನೆಯ ಖಾಸೀಂಬಿ.

"ನಿನ್ನ ಗಂಡನ್ನ ಕಳಿಸು, ಬಡೀಲಿ," ಎಂದಳು ಅಜ್ಜಿ. ಪಡಸಾಲೆ ನಕ್ಕಿತು. ಶಾಂತತ್ತೆ ನಗಲಿಲ್ಲ.

ಅದೇ ತಿಂಗಳು ಅಜ್ಜ ಅವಳ ಮದುವೆ ಗೊತ್ತುಮಾಡಿದ್ದ. ಕುಷ್ಟಗಿ ಕಡೆಯ ವ್ಯಾಪಾರಿ. ಹೆಂಡತಿ ತೀರಿದ್ದಳು, ಮಕ್ಕಳಿದ್ದವು. ಅತ್ತೆಗೆ ಮಾಸ್ತರಿಕೆ ಕಲಿಯಲು ಧಾರವಾಡಕ್ಕೆ ಹೋಗುವ ಆಸೆ. ದಸರೆ ಕಳೆದ ಮೇಲೆ ಸೇರಿಸುತ್ತೇನೆಂದು ಸೋದರಮಾವ ಹೇಳಿಕಳಿಸಿದ್ದ. ಅಜ್ಜ ಕಿವಿಗೆ ಹಾಕಿಕೊಳ್ಳಲಿಲ್ಲ. ಅಡ್ಡವಾಗಿದ್ದದ್ದು ಒಂದೇ: ಪುರಾಣ ಹಚ್ಚಿದ ಮೇಲೆ ಅದು ಮುಗಿದು ಮಂಗಲದ ಹಾಡು, ಆರತಿ ಆಗುವತನಕ ನಮ್ಮ ಮನೆಯಲ್ಲಿ ಮದುವೆ ಮಾಡುತ್ತಿರಲಿಲ್ಲ.

ಶ್ರಾವಣ ಮುಗಿಯುತ್ತ ಬಂದಾಗ ಪುಸ್ತಕವೂ ಮುಗಿಯಿತು. ಕೇಳುವವರಲ್ಲಿ ನನಗೊಬ್ಬಳಿಗೇ ಗೊತ್ತಾಯಿತು, ಏಕೆಂದರೆ ಪುಟ ನನ್ನ ಕಣ್ಣೆದುರಿಗಿತ್ತು. ಕೊನೆಯ ಪುಟದಲ್ಲಿ ಹೊನ್ನಾಂಬೆ ಕತ್ತಿಯನ್ನು ರಾಜಕುಮಾರನ ಕೈಗೆ ಕೊಟ್ಟು ಹಸೆಮಣೆ ಏರುತ್ತಾಳೆ. ಅತ್ತೆ ಅದನ್ನು ಓದಲಿಲ್ಲ. ಆ ಪುಟದ ಮೇಲೆ ಕಣ್ಣು ನೆಟ್ಟು ಬೇರೆಯೇ ಓದಿದಳು. ಹೊನ್ನಾಂಬೆ ರಾಜಕುಮಾರನಿಗೆ ಕಾಯಲು ಹೇಳಿ ಕೆರೆ ಕಟ್ಟಿಸತೊಡಗಿದಳು. ಮರುದಿನವೂ ಅದೇ ಪುಟ. ಕತೆ ಮಾತ್ರ ಮುಂದೆ ಹೋಯಿತು. ಭಾದ್ರಪದ ಬಂದರೂ ಮಂಗಲವಾಗಲಿಲ್ಲ.

ಆಗಲೇ ಪಡಸಾಲೆಯ ಕಂಬದ ಬಳಿ ಜಾಗ ಖಾಲಿ ಬಿಡುವುದು ಶುರುವಾದದ್ದು. ಯಾರೂ ಹೇಳಿದ್ದಲ್ಲ, ಹೆಂಗಸರು ತಾವಾಗಿಯೇ ಅಲ್ಲಿ ಕೂಡುವುದನ್ನು ಬಿಟ್ಟರು. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಓದು ಮುಗಿದು ಎಲ್ಲರೂ ಎದ್ದಾಗ, ಸಾರಿಸಿದ ಹಸಿ ನೆಲದಲ್ಲಿ ಕಂಬದ ಬುಡಕ್ಕೂ ಒಬ್ಬರು ಕೂತೆದ್ದ ಗುರುತು ಇರುತ್ತಿತ್ತು. ಬೆವೆತ ಕುದುರೆಯ ವಾಸನೆ ಬರುತ್ತಿತ್ತು. ಊರಲ್ಲಿ ಕುದುರೆ ಇರಲಿಲ್ಲ. ತಹಸೀಲ್ದಾರರು ಬಂದಾಗ ಮಾತ್ರ ಕಾಣುತ್ತಿದ್ದೆವು. ಖಾಸೀಂಬಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಜ್ಜಿಯ ಮುಖ ನೋಡುತ್ತಿದ್ದಳು. ಆಮೇಲೆ ಅವಳು ಚೇಷ್ಟೆಯ ಮಾತಾಡಲಿಲ್ಲ.

ಕುಷ್ಟಗಿಯಿಂದ ಮತ್ತೆ ಮತ್ತೆ ಹೇಳಿಕೆ ಬಂದು ಅಜ್ಜ ಬೇಸತ್ತ. ಒಂದು ಮಧ್ಯಾಹ್ನ ಓದಿನ ನಡುವೆ ಬಂದು ನಿಂತ. ಮಳೆಗಾಳಿಗೆಂದು ತಲೆಬಾಗಿಲಿಗೆ ಅಗಳಿ ಹಾಕಿತ್ತು.

"ಸಾಕು. ಇವತ್ತ ಮಂಗಲ ಹಾಡ್ರಿ."

"ಆಕಿ ಇನ್ನೂ ಕುಂತಾಳ್ರಿ," ಎಂದಳು ಅಜ್ಜಿ. "ಎದ್ದು ಹೋಗೂತನಕ ಆರತಿ ಹೆಂಗ ಎತ್ತೂದು?"

"ಯಾರು ಕುಂತಾಳ?"

"ಹೊನ್ನವ್ವ."

"ನಿಮಗೆಲ್ಲಾ ತಲಿ ಕೆಟ್ಟೈತಿ," ಎಂದು ಅಜ್ಜ ಕಂಬದ ಕಡೆ ನಡೆದ. ಅರ್ಧಕ್ಕೆ ನಿಂತ. ಧೋತರದ ಚುಂಗನ್ನು ಎತ್ತಿ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿದ. ಅಲ್ಲಿ ನನಗೆ ಯಾರೂ ಕಾಣಲಿಲ್ಲ. ಆಮೇಲೆ, ಮೈಯಲ್ಲಿ ದೇವರು ತುಂಬಿದವರನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದ: "ಏನು ಬೇಕವ್ವಾ ನಿನಗ?"

ನಾನು ಹೆದರಿ ಪುಸ್ತಕ ನೋಡಿದೆ. ಅದೇ ಪುಟ, ಅದೇ ಹಸೆಮಣೆ. ನನ್ನ ತಲೆಯ ಮೇಲಿಂದ ದನಿ ಬಂತು, ಓದುವ ದನಿ: "ನನಗೆ ನಿಮ್ಮಿಂದ ಏನೂ ಬೇಡ. ಬಾಗಿಲು ತೆರೆಯಿರಿ."

ಅಜ್ಜ ತಾನೇ ಹೋಗಿ ಅಗಳಿ ತೆಗೆದು, ಬಾಗಿಲ ಮಗ್ಗುಲಿಗೆ ಸರಿದು ನಿಂತ. ಕುದುರೆಯ ವಾಸನೆ ಒಮ್ಮೆ ಗಾಢವಾಗಿ, ಆಮೇಲೆ ಇಲ್ಲವಾಯಿತು. ಅಜ್ಜಿ ಆರತಿ ಎತ್ತಿದಳು. ಹೆಂಗಸರು ಮಂಗಲ ಹಾಡಿದರು. ಇನ್ನು ಮದುವೆಗೆ ಅಡ್ಡಿಯಿರಲಿಲ್ಲ. ಆದರೆ ಅಜ್ಜ ಸಂಜೆ ಅಪ್ಪನನ್ನು ಕರೆದು ಹೇಳಿದ: "ಕುಷ್ಟಗಿಗೆ ಹೇಳಿ ಕಳಿಸು. ಶಾಂತಾನ ಮಾತು ಬಿಡ್ರಿ ಅನ್ನು."

ದಸರೆ ಕಳೆದ ಮೇಲೆ ಶಾಂತತ್ತೆ ಧಾರವಾಡಕ್ಕೆ ಹೋದಳು. ಮದುವೆಯಾಗಲಿಲ್ಲ; ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದಳು. ಅವಳ ಕೊನೆಗಾಲದಲ್ಲಿ ನಾನು ಹೇಳಿದೆ: "ಬಾಗಿಲು ತೆರೆಯಿರಿ ಅನ್ನೂದನ್ನ ಛಲೋ ಕಟ್ಟಿದ್ದಿ ಅತ್ತಿ."

ಅವಳು ನನ್ನನ್ನೇ ನೋಡಿದಳು. "ಉಳಿದದ್ದೆಲ್ಲಾ ನಾ ಕಟ್ಟಿದ್ದ ಖರೆ. ಅವತ್ತು ಅಪ್ಪ ಬಂದು ನಿಂತಮ್ಯಾಲ ನಾ ಬಾಯಿ ತಗದಿಲ್ಲವಾ. ನಿನ್ನ ದನಿ ಅಂತ ತಿಳಕೊಂಡಿದ್ದೆ."

ನಮ್ಮ ಮನೆಯ ಹೆಣ್ಣುಮಕ್ಕಳು ಈಗಲೂ ಅಂಥ ಕಾದಂಬರಿಗಳನ್ನು ಓದುತ್ತಾರೆ. ಒಬ್ಬೊಬ್ಬರೇ, ಒಂದೊಂದು ಕೋಣೆಯಲ್ಲಿ, ತುಟಿ ಅಲುಗಿಸದೆ ಓದುತ್ತಾರೆ. ಯಾರಿಗೆ ಏನು ಕೇಳಿಸಿತೆಂದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಅಜ್ಜಿ, ಖಾಸೀಂಬಿ, ಓಣಿಯ ಹೆಂಗಸರು, ಶಾಂತತ್ತೆ ಎಲ್ಲರೂ ಹೋದರು. ಆ ದನಿ ಕೇಳಿದವರಲ್ಲಿ ಉಳಿದವಳು ನಾನೊಬ್ಬಳೇ.